ತಳ ಕಾಣದ ಗೋಡೆ: ಬುನಾಕೆನ್‌ನಲ್ಲಿ ಸ್ಕೂಬಾ

ಸ್ಕೂಬಾ ಮಾಡುತ್ತೇನೆ ಅಂದರೆ ಸಾಕು, ಎದುರಿಗಿದ್ದವರು ಮೊದಲು ಕೇಳುವುದು ‘ಎಷ್ಟು ಆಳ ಹೋಗಿದ್ದೀರಿ?’ ಅಂತ. ಏನು ನೋಡಿದಿರಿ ಅಂತ ಆಮೇಲೆ. ನನ್ನ ತಮ್ಮನಿಗೂ ಆಳದ್ದೇ ಹುಚ್ಚು. ನಾವಿಬ್ಬರೂ ಡೈವಿಂಗ್ ಕಲಿತದ್ದು ಮುರ್ಡೇಶ್ವರದಿಂದ ದೋಣಿಯಲ್ಲಿ ಹೋಗುವ ನೇತ್ರಾಣಿಯಲ್ಲಿ. ಅಲ್ಲಿ ಬಂಡೆಗಳ ಮಧ್ಯೆ ಇಳಿಯುತ್ತೀರಿ, ಕೆಳಗೆ ಮರಳಿನ ತಳ ಇರುತ್ತದೆ. ತಳ ಇದೆ ಅನ್ನುವುದೇ ಕಲಿಯುವವರಿಗೆ ದೊಡ್ಡ ಧೈರ್ಯ. ಆ ಧೈರ್ಯ ಇಲ್ಲದ ಕಡೆ ಹೋಗಬೇಕು ಅಂತ ತಮ್ಮ ಹಟ ಹಿಡಿದ. ಹಾಗೆ ಆರಿಸಿಕೊಂಡದ್ದು ಇಂಡೋನೇಷ್ಯಾದ ಬುನಾಕೆನ್.

ಸುಲವೇಸಿ ದ್ವೀಪದ ಉತ್ತರ ತುದಿಯಲ್ಲಿ ಮನಾಡೊ ಅನ್ನುವ ಊರಿದೆ. ಅದರ ಎದುರಿಗೆ ಸಮುದ್ರದಲ್ಲಿ ಐದು ದ್ವೀಪಗಳು. ಅವುಗಳಲ್ಲಿ ಒಂದು ಬುನಾಕೆನ್. ಪಕ್ಕದ ಮನಾಡೊ ತುವಾ ನೀರಿನಿಂದ ನೆಟ್ಟಗೆ ಎದ್ದು ನಿಂತ ಹಳೆಯ ಜ್ವಾಲಾಮುಖಿ. 1991ರಲ್ಲಿ ಇದನ್ನೆಲ್ಲ ರಾಷ್ಟ್ರೀಯ ಉದ್ಯಾನವನ ಮಾಡಿದರು. ಸುಮಾರು 890 ಚದರ ಕಿಲೋಮೀಟರ್. ಅದರಲ್ಲಿ ನೂರಕ್ಕೆ 97 ಪಾಲು ಬರೀ ನೀರು. ದಡದಿಂದ ಸ್ವಲ್ಪ ದೂರದವರೆಗೆ ಸೊಂಟದಷ್ಟು ಆಳದ ಹವಳದ ಹಾಸು ಇರುತ್ತದೆ. ಆಮೇಲೆ ಅದು ಒಮ್ಮೆಗೇ ಮುಗಿದುಹೋಗುತ್ತದೆ. ಅಲ್ಲಿಂದ ಶುರುವಾಗುವ ಗೋಡೆ ನಮ್ಮಂಥವರು ಹೋಗಬಹುದಾದ ಆಳವನ್ನೆಲ್ಲ ದಾಟಿ ಕೆಳಗೆ ಇಳಿಯುತ್ತದೆ. ದ್ವೀಪಗಳ ಸುತ್ತಲಿನ ನೀರು ಸಾವಿರ ಮೀಟರಿಗೂ ಜಾಸ್ತಿ ಆಳ.

ಬೆಂಗಳೂರಿನಿಂದ ಸಿಂಗಪುರ, ಅಲ್ಲಿಂದ ಮನಾಡೊ, ಅಲ್ಲಿಂದ ದೋಣಿ. ವೀಸಾ ಅಲ್ಲಿ ಇಳಿದ ಮೇಲೇ ಕೊಡುತ್ತಾರೆ. ಪ್ರಯಾಣದ ಬಗ್ಗೆ ಇದಕ್ಕಿಂತ ಜಾಸ್ತಿ ಹೇಳುವಂಥದ್ದೇನೂ ಇಲ್ಲ. ಹೋಗುವುದಾದರೆ ಮೇ ತಿಂಗಳಿಂದ ಅಕ್ಟೋಬರ್ ಒಳಗೆ ಹೋಗಿ. ಅಲ್ಲಿನ ಮಳೆಗಾಲದಲ್ಲಿ ನೀರು ಅಷ್ಟು ತಿಳಿಯಾಗಿರುವುದಿಲ್ಲ. ಊರಿನ ಹೊಳೆಗಳು ತರುವ ಪ್ಲಾಸ್ಟಿಕ್ ಕೂಡ ಆಗ ದ್ವೀಪಕ್ಕೆ ಬಂದು ಬಡಿಯುತ್ತದೆ. ನಾವು ಹೋದಾಗ ಬಿಸಿಲುಗಾಲ. ಆದರೂ ಒಂದು ಬೆಳಿಗ್ಗೆ ನೂಡಲ್ಸ್ ಪೊಟ್ಟಣ, ನೀರಿನ ಲೋಟ, ಚಪ್ಪಲಿ ಎಲ್ಲ ಸಾಲಾಗಿ ತೇಲಿ ಬಂದವು. ಕರಪತ್ರದ ಫೋಟೊಗಳಲ್ಲಿ ಇದು ಕಾಣುವುದಿಲ್ಲ.

ಡೈವಿಗೆ ಮುಂಚೆ ದೋಣಿಯಲ್ಲಿ ಕೂರಿಸಿಕೊಂಡು ಎಲ್ಲ ವಿವರಿಸುತ್ತಾರೆ. ನಮ್ಮ ಗೈಡ್ ಅದೇ ದ್ವೀಪದ ಹಳ್ಳಿಯವರು, ಐವತ್ತರ ಆಸುಪಾಸು. ಮಾತು ಕಡಿಮೆ. ಒಂದು ಬಿಳಿ ಹಲಗೆ ಮೇಲೆ ಗೋಡೆಯ ಚಿತ್ರ ಬರೆದರು. ಬಾಣದ ಗುರುತು ಹಾಕಿ ಸೆಳವು ಯಾವ ಕಡೆಗಿದೆ ಅಂತ ತೋರಿಸಿದರು. ಇಲ್ಲಿ ಸೆಳವಿನ ವಿರುದ್ಧ ಈಜುವ ಪ್ರಶ್ನೆಯೇ ಇಲ್ಲ. ಅದು ಕರೆದುಕೊಂಡು ಹೋದ ಕಡೆಗೆ ಹೋಗುವುದು. ದೋಣಿ ಮೇಲಿಂದ ನಮ್ಮ ಗುಳ್ಳೆಗಳನ್ನು ನೋಡಿಕೊಂಡು ಹಿಂದೆಯೇ ಬರುತ್ತದೆ. ಎಲ್ಲಿ ಮೇಲೆ ಬರುತ್ತೇವೋ ಅಲ್ಲೇ ಎತ್ತಿಕೊಳ್ಳುತ್ತದೆ.

ಆಮೇಲೆ ಎರಡು ಮಾತು ಒತ್ತಿ ಹೇಳಿದರು. ಒಂದು, ನಿಮ್ಮ ಗುಳ್ಳೆಗಳು ಮೇಲೆ ಹೋಗುವ ಬದಲು ಕೆಳಗೆ ಹೋಗುತ್ತಿದ್ದರೆ ಗಾಬರಿ ಬೇಡ, ಹವಳ ಇಲ್ಲದ ಬರೀ ಬಂಡೆ ನೋಡಿ ಹಿಡಿದು ನಿಲ್ಲಿ, ನನ್ನನ್ನು ನೋಡಿ. ಗೋಡೆಗೆ ಬಡಿದ ನೀರು ಕೆಲವೊಮ್ಮೆ ಕೆಳಮುಖವಾಗಿ ತಿರುಗುತ್ತದಂತೆ. ಇನ್ನೊಂದು, 28 ಮೀಟರಿಗಿಂತ ಕೆಳಗೆ ಯಾರೂ ಹೋಗಕೂಡದು. ತಮ್ಮ ನನ್ನ ಮುಖ ನೋಡಿದ. ಡೈವಿಂಗ್ ಕಲಿತದ್ದಕ್ಕೆ ಕೊಡುವ ಅವನ ಅಡ್ವಾನ್ಸ್ಡ್ ಕಾರ್ಡಿನಲ್ಲಿ 30 ಮೀಟರ್ ತನಕ ಅವಕಾಶ ಇದೆ. ಆ ಎರಡು ಮೀಟರಿಗೆ ಅವನಿಗೆ ಹೊಟ್ಟೆ ಉರಿ.

ಸಲಕರಣೆ ಹಾಕಿಕೊಳ್ಳುವುದು ಎಲ್ಲ ಕಡೆಯೂ ಒಂದೇ. ಮೂರು ಮಿಲಿಮೀಟರಿನ ವೆಟ್‌ಸೂಟ್, ಗಾಳಿ ತುಂಬಿಕೊಂಡು ತೇಲಲು ಬಿಸಿಡಿ ಜಾಕೆಟ್, ಸೊಂಟಕ್ಕೆ ಸೀಸದ ತೂಕ, ಬೆನ್ನಿಗೆ ಅಲ್ಯೂಮಿನಿಯಂ ಟ್ಯಾಂಕ್. ಟ್ಯಾಂಕ್ ಹಿಡಿಯುವುದು ಹನ್ನೊಂದು ಲೀಟರ್ ಅಷ್ಟೇ. ಆದರೆ ಅದರೊಳಗೆ 200 ಬಾರ್ ಒತ್ತಡದಲ್ಲಿ ಸುಮಾರು 2,200 ಲೀಟರ್ ಗಾಳಿ ತುಂಬಿರುತ್ತಾರೆ. ಈ ಲೆಕ್ಕ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ತಮ್ಮ ನನ್ನ ಬಕಲ್‌ಗಳನ್ನು ನೋಡಿದ, ನಾನು ಅವನ ಟ್ಯಾಂಕಿನ ವಾಲ್ವ್ ತೆರೆದಿದೆಯಾ ನೋಡಿದೆ. ಇಬ್ಬರೂ ದೋಣಿಯ ಅಂಚಿನಲ್ಲಿ ಬೆನ್ನು ಸಮುದ್ರದ ಕಡೆ ಮಾಡಿ ಕೂತೆವು. ಒಂದು ಕೈಯಲ್ಲಿ ಮಾಸ್ಕ್ ಮತ್ತು ಬಾಯಲ್ಲಿಟ್ಟು ಉಸಿರಾಡುವ ರೆಗ್ಯುಲೇಟರ್ ಒತ್ತಿ ಹಿಡಿದು ಹಿಂದಕ್ಕೆ ಉರುಳಿದೆವು.

ಬಿದ್ದದ್ದು ಹವಳದ ಹಾಸಿನ ಅಂಚಿನ ಹತ್ತಿರದ ನೀರಿಗೆ. ನಾಲ್ಕೈದು ಮೀಟರ್ ಆಳ, ಬೆಚ್ಚಗಿನ ನೀರು, ಎಲ್ಲ ಕಡೆ ಬೆಳಕು. ಕೆಳಗೆ ಕಂದು, ಹಸಿರು, ತಿಳಿ ನೇರಳೆ ಹವಳ. ಅಲ್ಲಿ ನಿಂತು ನೋಡುವಷ್ಟು ತಾಳ್ಮೆ ಆಗ ನಮಗಿರಲಿಲ್ಲ. ಗೈಡ್ ಹೆಬ್ಬೆರಳು ಕೆಳಗೆ ಮಾಡಿದರು. ಅಂಚು ದಾಟಿದೆವು. ಮನೆಯ ತಾರಸಿಯ ತುದಿಗೆ ಬಂದು ನಿಲ್ಲದೆ ಇನ್ನೊಂದು ಹೆಜ್ಜೆ ಮುಂದಿಟ್ಟ ಹಾಗೆ, ಆದರೆ ಬೀಳುವುದಿಲ್ಲ. ಹೊಟ್ಟೆಯಲ್ಲಿ ಮಾತ್ರ ಬಿದ್ದ ಹಾಗೇ ಆಗುತ್ತದೆ. ಒಂದು ಕಡೆ ಗೋಡೆ, ಇನ್ನೊಂದು ಕಡೆ ನೀಲಿ, ಕೆಳಗೆ ಇನ್ನೂ ಗಾಢ ನೀಲಿ.

ಇಳಿಯುವಾಗ ಒಂದೊಂದು ಮೀಟರಿಗೂ ಮೂಗು ಹಿಡಿದು ಮೆಲ್ಲಗೆ ಊದಿ ಕಿವಿಯ ಒತ್ತಡ ಸರಿ ಮಾಡಿಕೊಳ್ಳಬೇಕು. ನೋವು ಶುರುವಾಗುವ ತನಕ ಕಾಯಬಾರದು. ಇದು ಗೊತ್ತಿದ್ದದ್ದೇ. ಹೊಸದಾಗಿ ಗೊತ್ತಾದದ್ದು ತಳ ಇಲ್ಲದಿದ್ದರೆ ಕಣ್ಣಿಗೆ ಆಗುವ ಮೋಸ. ನೇತ್ರಾಣಿಯಲ್ಲಿ ನಾನು ಇಳಿಯುತ್ತಿದ್ದೇನಾ, ಏಳುತ್ತಿದ್ದೇನಾ ಅಂತ ನೆಲ ಹೇಳುತ್ತಿತ್ತು. ಇಲ್ಲಿ ಹೇಳುವವರಿಲ್ಲ. ಒಂದು ಮೀನು ನೋಡುತ್ತಾ ಅರ್ಧ ನಿಮಿಷ ಕಳೆದರೆ ಆಳ ತೋರಿಸುವ ಡೈವ್ ಕಂಪ್ಯೂಟರಿನಲ್ಲಿ ಎರಡು ಮೀಟರ್ ಜಾಸ್ತಿ ತೋರಿಸುತ್ತಿರುತ್ತದೆ. ಕೆಳಗೆ ಹೋದಷ್ಟೂ ವೆಟ್‌ಸೂಟು ಮತ್ತು ಜಾಕೆಟ್ಟಿನೊಳಗಿನ ಗಾಳಿ ಕುಗ್ಗುತ್ತದೆ, ಮೈ ಇನ್ನೂ ಭಾರವಾಗುತ್ತದೆ, ಇನ್ನೂ ಬೇಗ ಕೆಳಗೆ ಹೋಗುತ್ತೀರಿ. ಹಾಗಾಗಿ ಗೋಡೆಯ ಹತ್ತಿರ ಡೈವ್ ಮಾಡುವುದೆಂದರೆ ಬಹುಪಾಲು ಉಸಿರಾಟದ ಕೆಲಸ. ಜಾಕೆಟ್ಟಿಗೆ ಸ್ವಲ್ಪ ಗಾಳಿ ಬಿಟ್ಟುಕೊಂಡ ಮೇಲೆ ಉಳಿದದ್ದೆಲ್ಲ ಶ್ವಾಸಕೋಶದ್ದು. ಉಸಿರು ಎಳೆದರೆ ಒಂದು ಗೇಣು ಮೇಲೆ, ಬಿಟ್ಟರೆ ಒಂದು ಗೇಣು ಕೆಳಗೆ. ಕೈ ಬಡಿಯುವವರಿಗೆ ಇದು ಬರುವುದಿಲ್ಲ. ಕೈ ಕಟ್ಟಿಕೊಂಡರೆ ಬೇಗ ಬರುತ್ತದೆ.

28 ಮೀಟರ್ ತಲುಪಿದೆವು. ಈಗ ಆ ಲೆಕ್ಕಕ್ಕೆ ಬರೋಣ. ಪ್ರತಿ ಹತ್ತು ಮೀಟರಿಗೆ ಒಂದು ವಾತಾವರಣದಷ್ಟು ಒತ್ತಡ ಜಾಸ್ತಿಯಾಗುತ್ತದೆ. 30 ಮೀಟರಿನಲ್ಲಿ ಅದು ದಡದಲ್ಲಿರುವುದರ ನಾಲ್ಕು ಪಟ್ಟು. ಅಂದರೆ ಒಂದೊಂದು ಉಸಿರಿಗೂ ನಾಲ್ಕು ಉಸಿರಿನ ಗಾಳಿ ಖರ್ಚು. ದಡದಲ್ಲಿ ನಿಮಿಷಕ್ಕೆ 20 ಲೀಟರ್ ಎಳೆಯುವವರು ಅಲ್ಲಿ 80 ಲೀಟರ್ ಎಳೆಯುತ್ತಾರೆ. 2,200 ಲೀಟರ್ ಅರ್ಧ ಗಂಟೆಯೂ ಬರುವುದಿಲ್ಲ. ಅದೂ ಪೂರ್ತಿ ಖಾಲಿ ಮಾಡುವ ಹಾಗಿಲ್ಲ. ಐವತ್ತು ಬಾರ್ ಉಳಿಸಿಕೊಂಡೇ ಮೇಲೆ ಬರಬೇಕು. ಇದರ ಜೊತೆಗೆ ಸಾರಜನಕದ ಕಾಟ. ಒತ್ತಡದಲ್ಲಿ ಅದು ರಕ್ತಕ್ಕೆ, ಮಾಂಸಕ್ಕೆ ಇಳಿಯುತ್ತದೆ. ಜಾಸ್ತಿ ಇಳಿದ ಮೇಲೆ ಬೇಗ ಮೇಲೆ ಬಂದರೆ ಗುಳ್ಳೆಯಾಗಿ ಹೊರಬಂದು ಮೈ ಕೆಡಿಸುತ್ತದೆ. 18 ಮೀಟರಿನಲ್ಲಿ ಮುಕ್ಕಾಲು ಗಂಟೆಗೂ ಮೇಲೆ ಇರಬಹುದು. 30ರಲ್ಲಿ ಇಪ್ಪತ್ತು ನಿಮಿಷದ ಹತ್ತಿರ ಬಂದರೆ ಏಳಲೇಬೇಕು.

ಇಷ್ಟೆಲ್ಲ ಖರ್ಚು ಮಾಡಿ ಅಲ್ಲಿ ನೋಡಿದ್ದೇನು? ನಿಜ ಹೇಳಬೇಕೆಂದರೆ, ಜಾಸ್ತಿ ಏನಿಲ್ಲ. ಆಳಕ್ಕೆ ಹೋದ ಹಾಗೆ ಬೆಳಕಿನ ಬಣ್ಣಗಳು ಒಂದೊಂದಾಗಿ ಕಳೆದುಹೋಗುತ್ತವೆ. ಮೊದಲು ಹೋಗುವುದು ಕೆಂಪು, ಆಮೇಲೆ ಕಿತ್ತಳೆ, ಹಳದಿ. 28ರಲ್ಲಿ ನನ್ನ ಕಾಲಿನ ಕೆಂಪು ಫಿನ್ಸ್ ಕಪ್ಪಾಗಿ ಕಂಡವು. ಟಾರ್ಚ್ ಬಿಟ್ಟರೆ ಮಾತ್ರ ಗೋಡೆಯ ಮೇಲಿನ ಸ್ಪಂಜುಗಳ ನಿಜವಾದ ಬಣ್ಣ ಹೊರಬೀಳುತ್ತದೆ. ದೊಡ್ಡ ಬೀಸಣಿಗೆ ಹವಳಗಳಿದ್ದವು, ಚೆನ್ನಾಗಿದ್ದವು. ಉಳಿದದ್ದೆಲ್ಲ ಬೂದು ನೀಲಿ. ತಮ್ಮ ಮಾತ್ರ ತಲೆ ಕೆಳಗೆ ಮಾಡಿ ಪಾತಾಳ ನೋಡುತ್ತಾ ತೇಲುತ್ತಿದ್ದ. ನಾನು ಅವನ ಫಿನ್ ಹಿಡಿದು ಎಳೆದು ಕಂಪ್ಯೂಟರ್ ತೋರಿಸಿದೆ. ಈ ಆಳದಲ್ಲಿ ಸಾರಜನಕ ಕೆಲವರಿಗೆ ಸ್ವಲ್ಪ ಅಮಲು ತರಿಸುತ್ತದೆ. ಅವನಿಗೆ ಅಮಲೋ, ಹುಟ್ಟು ಗುಣವೋ ಹೇಳುವುದು ಕಷ್ಟ.

ಅವನು ನೋಡುತ್ತಿದ್ದ ಆ ಕತ್ತಲಲ್ಲಿ ಏನಿದೆ ಅನ್ನುವುದಕ್ಕೆ ಒಂದು ಒಳ್ಳೆಯ ಕಥೆಯೇ ಇದೆ. ಸೀಲಕಾಂತ್ ಅನ್ನುವ ಮೀನು ಡೈನೋಸಾರ್‌ಗಳ ಜೊತೆಗೇ ಅಳಿದುಹೋಯಿತು ಅಂತ ಎಲ್ಲರೂ ನಂಬಿದ್ದರು. 1938ರಲ್ಲಿ ದಕ್ಷಿಣ ಆಫ್ರಿಕಾದ ಮೀನುಗಾರರ ಬಲೆಯಲ್ಲಿ ಒಂದು ಸಿಕ್ಕಿತು. ಬಹಳ ಕಾಲ ಅದು ಆಫ್ರಿಕಾದ ಕಡೆ ಮಾತ್ರ ಇದೆ ಅಂದುಕೊಂಡರು. 1997ರಲ್ಲಿ ಮಾರ್ಕ್ ಎರ್ಡ್‌ಮನ್ ಅನ್ನುವ ಜೀವಶಾಸ್ತ್ರಜ್ಞ ಹೆಂಡತಿಯ ಜೊತೆ ಮಧುಚಂದ್ರಕ್ಕೆ ಬಂದಿದ್ದರು. ಆಗ ಮನಾಡೊ ಮೀನು ಮಾರುಕಟ್ಟೆಯಲ್ಲಿ ಅಂಥದ್ದೇ ಮೀನು ಕಣ್ಣಿಗೆ ಬಿತ್ತು. ಮುಂದಿನ ವರ್ಷ ಮನಾಡೊ ತುವಾ ಪಕ್ಕದಲ್ಲೇ ಆಳದ ಬಲೆಗೆ ಇನ್ನೊಂದು ಬಿತ್ತು. ಇದು ಆಫ್ರಿಕಾದ್ದಕ್ಕಿಂತ ಬೇರೆ ಜಾತಿ ಅಂತ ಆಮೇಲೆ ತಿಳಿಯಿತು. ಇಲ್ಲಿನ ಮೀನುಗಾರರಿಗೆ ಅದು ಮೊದಲಿಂದಲೂ ಗೊತ್ತಿತ್ತು, ಅವರು ಅದನ್ನು ‘ರಾಜಾ ಲಾವುತ್’, ಕಡಲ ರಾಜ ಅನ್ನುತ್ತಿದ್ದರು. ಅದು ಇರುವುದು ನೂರು ಮೀಟರಿಗಿಂತ ಎಷ್ಟೋ ಕೆಳಗೆ. 28 ಇರಲಿ, 30 ಇರಲಿ, ನಮಗೆ ಅದು ಕಾಣುವ ಮಾತೇ ಇಲ್ಲ.

ಏಳಲು ಶುರು ಮಾಡಿದೆವು. ಗೋಡೆ ಡೈವಿನ ಕ್ರಮವೇ ಇದು. ಮೊದಲು ಅತಿ ಆಳಕ್ಕೆ ಹೋಗಿ, ಆಮೇಲೆ ಉಳಿದ ಹೊತ್ತನ್ನೆಲ್ಲ ಅಡ್ಡಡ್ಡ ತೇಲುತ್ತಾ, ಇಷ್ಟಿಷ್ಟೇ ಮೇಲೆ ಬರುವುದು. ಹೊರಡುವ ಮುಂಚೆ ನಾನು ಇದನ್ನು ಬರೀ ಸುರಕ್ಷತೆಯ ನಿಯಮ ಅಂದುಕೊಂಡಿದ್ದೆ. ಒಳ್ಳೆಯದೆಲ್ಲ ಕೊನೆಗೆ ಸಿಗುವ ಹಾಗೆ ಮಾಡುವ ಕ್ರಮವೂ ಹೌದು.

20 ಮೀಟರಿನ ಆಸುಪಾಸು ಗೋಡೆಯಲ್ಲಿ ಬಿರುಕು, ಗೂಡು, ಚಾಚಿಕೊಂಡ ಕಲ್ಲಿನ ಹಲಗೆಗಳು. ಒಂದು ಹಲಗೆಯ ಮೇಲೆ ಹಸಿರು ಕಡಲಾಮೆ ಮಲಗಿತ್ತು. ಊಟದ ಮೇಜಿನಷ್ಟು ದೊಡ್ಡದು ಅಂತ ತಮ್ಮ ಆಮೇಲೆ ಎಲ್ಲರಿಗೂ ಹೇಳಿದ, ಅಷ್ಟೇನೂ ಇರಲಿಲ್ಲ. ನಾವು ಎರಡು ಮಾರು ದೂರದಲ್ಲಿ ತೇಲಿ ಹೋದರೂ ಅದು ಒಂದು ಕಣ್ಣು ತೆರೆದು ಮುಚ್ಚಿತು, ಅಷ್ಟೇ. ಬುನಾಕೆನ್ ಆಮೆಗಳಿಗೆ ಡೈವರ್‌ಗಳ ಅಭ್ಯಾಸ ಆಗಿಬಿಟ್ಟಿದೆ.

ಗೈಡ್ ಒಂದು ಕಡೆ ನಿಂತು ಲೋಹದ ಕಡ್ಡಿಯಿಂದ ಟ್ಯಾಂಕಿಗೆ ಟಣ್ ಟಣ್ ಅಂತ ಬಡಿದರು. ಹತ್ತಿರ ಹೋದೆವು. ಗೋಡೆಯ ಮೇಲೆ ಒಂದು ಕಡೆ ಪಾಚಿ ಬೆಳೆದಿತ್ತು. ಬೆರಳು ತೋರಿಸಿದರು. ಏನೂ ಕಾಣಲಿಲ್ಲ. ಮತ್ತೆ ತೋರಿಸಿದರು. ಪಾಚಿಯ ಎಳೆಯೊಂದು ಬಾಗಿದ್ದು ನೋಡಿದ ಮೇಲೆ ಗೊತ್ತಾಯಿತು, ಅದು ಕುಬ್ಜ ಕಡಲ್ಗುದುರೆ! ಬಿಳಿ ಮೈ, ಬೆನ್ನ ಮೇಲೆ ಎಳೆ ಎಳೆ. ಉದ್ದ ಎರಡು ಸೆಂಟಿಮೀಟರೂ ಇಲ್ಲ. ಇದಕ್ಕೆ ಹಿಪ್ಪೊಕ್ಯಾಂಪಸ್ ಪೊಂಟೋಹಿ ಅಂತ ಹೆಸರು. ಮೊದಲು ಇದನ್ನು ಗುರುತಿಸಿ ವಿಜ್ಞಾನಿಗಳ ಗಮನಕ್ಕೆ ತಂದವರು ಹೆನ್ಸೆ ಪೊಂಟೋ, ಇಲ್ಲಿನ ಡೈವ್ ಗೈಡ್. 2008ರಲ್ಲಿ ಹೊಸ ಜಾತಿ ಅಂತ ದಾಖಲಿಸಿದಾಗ ಅವರ ಹೆಸರನ್ನೇ ಇಟ್ಟರು. ಸಾವಿರಾರು ಜನ ಕ್ಯಾಮೆರಾ ಹಿಡಿದು ದಾಟಿ ಹೋದ ಗೋಡೆಯಲ್ಲಿ ಇಂಥದ್ದನ್ನು ಕಂಡ ಕಣ್ಣು ಎಂಥದ್ದಿರಬೇಕು ಹೇಳಿ. ಗೈಡ್‌ಗಳಿಗೆ ಕೊಡುವ ದುಡ್ಡಿಗೆ ಚೌಕಾಸಿ ಮಾಡುವವರನ್ನು ಕಂಡರೆ ನನಗೆ ಅಂದಿನಿಂದ ಸಿಟ್ಟು.

15 ಮೀಟರ್ ಹತ್ತಿರ ಸೆಳವು ಜೋರಾಯಿತು. ಅದು ಮೊದಲು ಗೊತ್ತಾಗುವುದು ನಿಮಗಲ್ಲ, ಮೀನುಗಳಿಗೆ. ಗೋಡೆಯಿಂದ ಹೊರಗೆ ಹರಡಿಕೊಂಡಿದ್ದ ಕಿತ್ತಳೆ ಬಣ್ಣದ ಆಂಥಿಯಾಸ್ ಮೀನುಗಳೆಲ್ಲ ಒಂದೇ ದಿಕ್ಕಿಗೆ ಮುಖ ಮಾಡಿ ಗೋಡೆಗೆ ಹತ್ತಿರ ಬಂದವು. (ಈ ಮೀನುಗಳೆಲ್ಲ ಮೊದಲು ಹೆಣ್ಣೇ. ಗುಂಪಿನ ಗಂಡು ಸತ್ತರೆ ಒಂದು ದೊಡ್ಡ ಹೆಣ್ಣು ಗಂಡಾಗುತ್ತದೆ. ಅಲ್ಲಿಗೆ ಸಮಸ್ಯೆ ಮುಗಿಯಿತು.) ಸೆಳವು ನಮ್ಮನ್ನು ಎತ್ತಿಕೊಂಡು ಹೊರಟಿತು. ಕಾಲು ಆಡಿಸುವುದೇ ಬೇಡ. ಗೋಡೆ ಪಕ್ಕದಲ್ಲಿ ಓಡುತ್ತಿತ್ತು. ಬ್ಯಾರೆಲ್ ಸ್ಪಂಜು, ಬೀಸಣಿಗೆ, ಕಪ್ಪು ಬಾಯಿಯ ಗವಿ, ಮತ್ತೆ ಸ್ಪಂಜು. ಹೊರಗಡೆ ನೀಲಿಯಲ್ಲಿ ಟ್ರಿಗರ್ ಮೀನುಗಳು ಸಾವಿರಗಟ್ಟಲೆ. ಏನಾದರೂ ನೋಡಬೇಕು ಅಂದರೆ ಮುಂಚೆಯೇ ಕಣ್ಣಿಟ್ಟಿರಬೇಕು, ದಾಟಿದರೆ ದಾಟಿತು. ಒಂದು ಮೂಲೆ ತಿರುಗಿದ್ದೇ ಎಲ್ಲ ನಿಂತುಹೋಯಿತು. ನೀರು ಅಲುಗಾಡಲೇ ಇಲ್ಲ. ತಮ್ಮನ ಗುಳ್ಳೆಗಳು ನೆಟ್ಟಗೆ ಮೇಲೆ ಹೋಗುತ್ತಿದ್ದವು. ನೋಡಿ ಸಮಾಧಾನವಾಯಿತು.

ಆಮೇಲೆ ಹತ್ತು ಮೀಟರಿಗಿಂತ ಮೇಲೆ. ಬಣ್ಣಗಳು ವಾಪಸ್ ಬಂದವು. ನನ್ನ ಫಿನ್ಸ್ ಮತ್ತೆ ಕೆಂಪಾದವು. ಗೋಡೆಯ ಅಂಚಿನ ತುಂಬಾ ಹವಳ, ಒಂದರ ಮೇಲೊಂದು, ಜಾಗಕ್ಕಾಗಿ ಜಗಳ ಆಡುವಷ್ಟು ಒತ್ತಾಗಿ. ಎಲೆ ಹಾಗೆ ಹರಡಿದವು, ಕೊಂಬೆಯಾದವು, ಗುಂಡಗಿನವು. ಅವುಗಳ ನಡುವೆ ಬೆರಳುದ್ದದ ನೀಲಿ ಮೀನುಗಳು, ಹಳದಿ ಬಿಳಿಯ ಪಿರಮಿಡ್ ಚಿಟ್ಟೆಮೀನುಗಳು, ಕಡಲ ಹೂವಿನೊಳಗೆ ಕೂತು ನಮ್ಮ ಮೇಲೆ ಏರಿ ಬರುವ ಪುಟ್ಟ ಕೋಡಂಗಿ ಮೀನು, ಹವಳವನ್ನು ಕಚ್ಚುವ ಗಿಳಿಮೀನು. ಅದು ಕಟ ಕಟ ಕಚ್ಚುವ ಸದ್ದು ನೀರೊಳಗೆ ಚೆನ್ನಾಗಿ ಕೇಳಿಸುತ್ತದೆ.

ಇದಕ್ಕೆ ಕಾರಣ ಸರಳ. ಹವಳ ಪ್ರಾಣಿಯೇ ಆದರೂ ಅದರ ಊಟ ಬಹುಪಾಲು ಬರುವುದು ಅದರ ಮೈಯೊಳಗೆ ಬದುಕುವ ಸೂಕ್ಷ್ಮ ಪಾಚಿಯಿಂದ. ಪಾಚಿಗೆ ಬಿಸಿಲು ಬೇಕು. ಬಿಸಿಲು ಇರುವುದು ಮೇಲೆ. ಹಾಗಾಗಿ ರೀಫ್, ಅಂದರೆ ಹವಳದ ದಿಬ್ಬ, ಕಟ್ಟುವ ಹವಳ, ಅದನ್ನು ನಂಬಿದ ಮೀನು ಎಲ್ಲ ಮೇಲೆಯೇ ಒತ್ತಾಗಿ ಇರುತ್ತವೆ. ಜಗತ್ತಿನ ರೀಫ್ ಹವಳ ಜಾತಿಗಳಲ್ಲಿ ಮುಕ್ಕಾಲು ಪಾಲು ಸಿಗುವ ‘ಹವಳ ತ್ರಿಕೋನ’ ಅನ್ನುವ ಸಮುದ್ರ ಪ್ರದೇಶದ ಒಳಗಿದೆ ಈ ಜಾಗ. ನಾವು ಮಾತ್ರ ಅದನ್ನೆಲ್ಲ ಹತ್ತು ಸೆಕೆಂಡಿನಲ್ಲಿ ದಾಟಿ ಕತ್ತಲು ನೋಡಲು ಓಡುತ್ತೇವೆ.

ಮೇಲಿರುವುದಕ್ಕೇ ಪೆಟ್ಟೂ ಮೊದಲು ಬೀಳುತ್ತದೆ. ಪೆಸಿಫಿಕ್ ಸಾಗರದ ನೀರು ಬಿಸಿಯಾಗುವ ಎಲ್ ನಿನೊ 2015–16ರಲ್ಲಿ ಬಂದ ಹೊತ್ತಿಗೆ ಈ ಭಾಗದ ಸಮುದ್ರದ ಮಟ್ಟ ಇಳಿಯಿತು. ಬುನಾಕೆನ್‌ನ ಹಾಸಿನ ಮೇಲೆ ನೀರಿನ ಮಟ್ಟಕ್ಕೆ ಸರಿಯಾಗಿ ಬೆಳೆದಿದ್ದ ಹವಳಗಳು ಗಾಳಿಗೆ, ಬಿಸಿಲಿಗೆ ಸಿಕ್ಕಿ ಸತ್ತವು. ನೀರು ಬಿಸಿಯಾಗಿ ಹವಳ ಬಿಳಿಚಿಕೊಳ್ಳುವುದು ಎಲ್ಲರೂ ಕೇಳಿರುವ ಮಾತು. ಇಲ್ಲಿ ಅದಕ್ಕೂ ಮುಂಚೆ ನೀರೇ ಕಡಿಮೆಯಾಗಿ ಸತ್ತವು.

ಐದು ಮೀಟರಿನಲ್ಲಿ ಮೂರು ನಿಮಿಷ ನಿಲ್ಲಬೇಕು, ಮೈಯೊಳಗಿನ ಸಾರಜನಕ ಹೊರಹೋಗಲು. ಬೇರೆ ಕಡೆ ಇದು ಹಗ್ಗ ಹಿಡಿದುಕೊಂಡು ಗಡಿಯಾರ ನೋಡುವ ಬೇಜಾರಿನ ಕೆಲಸ. ಇಲ್ಲಿ ಅಂಚಿನ ಮೇಲೆ ತೇಲುತ್ತಾ ನಿಂತರೆ ಆಯಿತು. ಮೂರು ನಿಮಿಷ ಮುಗಿದರೂ ಯಾರೂ ಮೇಲೆ ಹೋಗಲಿಲ್ಲ. ಈ ಆಳದಲ್ಲಿ ಖರ್ಚು ದಡದ ಒಂದೂವರೆ ಪಟ್ಟು ಅಷ್ಟೇ, ಉಳಿದ ಸ್ವಲ್ಪ ಗಾಳಿಯೇ ಬೇಕಾದಷ್ಟು ಹೊತ್ತು ಬರುತ್ತದೆ. ಆದರೆ ತಮ್ಮನ ಟ್ಯಾಂಕಿನ ಗೇಜ್ ಆಗಲೇ 50 ಬಾರ್ ಹತ್ತಿರ. ಕೆಳಗೆ ಇಣುಕುತ್ತಾ ಜೋರಾಗಿ ಉಸಿರೆಳೆದದ್ದರ ಫಲ. ಗೈಡ್ ಕಿತ್ತಳೆ ಬಣ್ಣದ ಗುರುತಿನ ಬಲೂನಿಗೆ ಗಾಳಿ ತುಂಬಿ ಮೇಲೆ ಬಿಟ್ಟರು. ದೋಣಿ ಬಂತು.

ದೋಣಿಯಲ್ಲಿ ಕರಿದ ಬಾಳೆಕಾಯಿಯನ್ನು ಖಾರದ ಸಂಬಾಲ್ ಚಟ್ನಿ ಜೊತೆ ಕೊಟ್ಟರು. ಮನಾಡೊ ಕಡೆಯ ತಿಂಡಿ, ಸ್ಕೂಬಾ ಹಸಿವಿಗೆ ಹೇಳಿ ಮಾಡಿಸಿದ್ದು. ಮಾಂಸ ತಿನ್ನದವರಿಗೆ ಈ ಊರು ಕಷ್ಟ ಅಂತ ಹೆದರಿಸಿದ್ದರು. ಆದರೆ ತಿನುತುವಾನ್ ಅನ್ನುವ ಗಂಜಿ ಇದೆ, ಅಕ್ಕಿ, ಸಿಹಿಗುಂಬಳ, ಜೋಳ, ಸೊಪ್ಪು ಎಲ್ಲ ಹಾಕಿ ಬೇಯಿಸಿದ್ದು. ಒಣಮೀನನ್ನು ಅದಕ್ಕೆ ಸೇರಿಸದೆ ಬೇರೆಯಾಗಿ ಕೊಡಿ ಅಂದರೆ ಸಾಕು.

‘ಅಕ್ಕಾ, ನಿಂಗೆ ಎಷ್ಟು ಉಳೀತು ಗಾಳಿ?’ ತಮ್ಮ ಕೇಳಿದ.

‘ತೊಂಬತ್ತು.’

‘ಹೆಂಗೆ?’

‘ನಾನು ಪಾತಾಳಕ್ಕೆ ತಲೆ ಹಾಕಿಲ್ವಲ್ಲ.’

ಮಾರನೇ ದಿನ ಎಷ್ಟು ಆಳ ಬೇಕು ಅಂತ ಗೈಡ್ ಕೇಳಿದಾಗ ತಮ್ಮನೇ ಹನ್ನೆರಡು ಮೀಟರ್ ಸಾಕು ಅಂದ. ಅವರು ನಕ್ಕರು. ಅದೇ ಗಾತ್ರದ ಟ್ಯಾಂಕ್ ಒಂದು ಗಂಟೆ ದಾಟಿ ಬಂತು. ಆ ಗಂಟೆಯಲ್ಲಿ ನೋಡಿದ್ದು ಹಿಂದಿನ ದಿನದ ಎಲ್ಲ ಡೈವ್ ಸೇರಿಸಿದರೂ ಆಗದಷ್ಟು.

ಕೊನೆಯ ದಿನ ಡೈವ್ ಮಾಡುವ ಹಾಗಿರಲಿಲ್ಲ. ಹಲವು ಡೈವ್ ಮಾಡಿದ ಮೇಲೆ ವಿಮಾನ ಹತ್ತಲು ಕಡಿಮೆ ಅಂದರೆ 18 ಗಂಟೆ ಬಿಡಬೇಕು. ಬರೀ ಮಾಸ್ಕ್, ಸ್ನಾರ್ಕೆಲ್ ಹಾಕಿಕೊಂಡು ಗೋಡೆಯ ಅಂಚಿನ ಮೇಲೆ ಮಲಗಿದೆವು. ಬಣ್ಣದ ಪಾಲಿನ ಬಹುಭಾಗ ಅಲ್ಲಿಂದಲೇ ಕಾಣುತ್ತದೆ. ಹಾಗಾಗಿ ಈಜು ಬರುತ್ತದೆ, ಸ್ಕೂಬಾ ಬರುವುದಿಲ್ಲ ಅನ್ನುವವರೂ ಇಲ್ಲಿಗೆ ಧಾರಾಳವಾಗಿ ಹೋಗಬಹುದು. ಉಬ್ಬರ ಇದ್ದಾಗ ಹೋಗಿ. ಇಳಿತದಲ್ಲಿ ಹಾಸಿನ ಮೇಲೆ ಮೊಣಕಾಲಿನಷ್ಟೇ ನೀರು, ಕಾಲು ಹವಳಕ್ಕೆ ತಗಲುತ್ತದೆ. ಮೈಗೆ ತುಂಬು ತೋಳಿನ ಅಂಗಿ ಹಾಕಿಕೊಳ್ಳಿ. ಭೂಮಧ್ಯರೇಖೆಯ ಬಿಸಿಲು, ನೀರಿನಲ್ಲಿ ಸುಡುವುದು ಗೊತ್ತಾಗುವುದಿಲ್ಲ. ತಮ್ಮ ಬೆಂಗಳೂರಿನ ತನಕ ಸೀಟಿಗೆ ಬೆನ್ನು ತಾಗಿಸದೆ ಕೂತು ಬಂದ.